ಗಿರಾಕಿ ಬಿಟ್ಟನೋ, ಕಂಪನಿ ಬಿಟ್ಟಿತೋ?

"ಈಗಿನ ಗಿರಾಕಿಗೆ ನಿಷ್ಠೆಯೇ ಇಲ್ಲ" ಎಂಬ ಮಾತು ನಮ್ಮ ಸಮಾಜದ ನಾಲ್ಕು ಜನ ವ್ಯಾಪಾರಸ್ಥರು ಕೂಡಿದಲ್ಲೆಲ್ಲ ಕೇಳಿಬರುತ್ತದೆ. ಮದುವೆ ಮನೆಯ ಪಂಗ್ತಿಯಲ್ಲಿಯೂ ಇದೇ ಮಾತು, ಬಸದಿಯ ಕಟ್ಟೆಯ ಮೇಲೂ ಇದೇ ಮಾತು. ಅಜ್ಜನ ಕಾಲದಿಂದ ನಮ್ಮ ಅಂಗಡಿಯ ಮೆಟ್ಟಿಲು ಬಿಟ್ಟು ಬೇರೆ ಮೆಟ್ಟಿಲು ತುಳಿಯದವರ ಮೊಮ್ಮಗ ಇಂದು ಎದುರಂಗಡಿಯ ಚೀಲ ಹಿಡಿದು ನಮ್ಮ ಕಣ್ಣ ಮುಂದೆಯೇ ಹಾದುಹೋಗುತ್ತಾನೆ. ಕಂಡಾಗ ಕರುಳು ಚುರ್ ಎನ್ನುವುದು ಸಹಜ. ಆದರೆ ನಿಷ್ಠೆ ಎಂಬುದು ಗಿರಾಕಿ ಒಬ್ಬನೇ ನಡೆಸಿಕೊಂಡು ಬರಬೇಕಾದ ವ್ಯವಹಾರವೇ? ಅಂಗಡಿಯವನ ಕಡೆಯಿಂದ ಅದಕ್ಕೆ ಜಮಾ ಏನೂ ಬೇಡವೇ? ಅಕ್ಕಲಕೋಟೆಯಲ್ಲಿ ಅರಿವೆ ಅಂಗಡಿ ನಡೆಸುವ ನಮಗೆ ಈ ಪ್ರಶ್ನೆ ಸ್ಪಷ್ಟವಾದದ್ದು ಅಂಗಡಿಯಲ್ಲಿ ಅಲ್ಲ. ಅಮೇರಿಕದ ಮಿಶಿಗನ್ ರಾಜ್ಯದಲ್ಲಿರುವ ನಮ್ಮ ಅಕ್ಕನ ಮಗನ ಕಾರುಗಳಿಂದ.

ಅರಿವೆ ಅಳೆಯುವವರಿಗೆ ಅಮೇರಿಕದ ಕಾರಿನ ಗೊಡವೆ ಏಕೆ ಎಂದು ಓದುಗ ಬಂಧುಗಳು ನಗಬಹುದು. ನಾವು ಓದಿದ್ದು ಮ್ಯಾಟ್ರಿಕ್‌ವರೆಗೆ ಮಾತ್ರ, ಯಂತ್ರದ ಶಾಸ್ತ್ರ ನಮಗೆ ಗೊತ್ತಿಲ್ಲ. ಆದರೆ ಕೊಳ್ಳುವವನ ಮನಸ್ಸು ಎಲ್ಲ ದೇಶದಲ್ಲಿಯೂ ಒಂದೇ. ನಮ್ಮ ಅಳಿಯ 2015ರಿಂದ 2024ರ ವರೆಗೆ ಮೂರು ಕಂಪನಿಗಳ ನಾಲ್ಕು ಕಾರು ಕೊಂಡ. ಇದರಿಂದ ಮನೆಯಲ್ಲಿ ದೊಡ್ಡ ಮಾತೇ ಆಯಿತು. ಆ ಕಥೆಯನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲು ಈ ಕಾರುಗಳು ಎಂಥವು ಎಂಬುದನ್ನು ತಿಳಿಸಬೇಕು. ಎರಡೇ ಬಾಗಿಲು, ಮುಂದೆ ಎಂಟು ಸಿಲಿಂಡರಿನ ದೊಡ್ಡ ಪೆಟ್ರೋಲ್ ಎಂಜಿನ್ನು, ಹಿಂದಿನ ಗಾಲಿಗಳಿಗೆ ಅದರ ಬಲ. ಶ್ರೀಮಂತರ ಇಟಲಿಯ ಕಾರುಗಳಂತೆ ಇವು ಅಲ್ಲ. ಸಂಬಳದ ಮೇಲೆ ಬದುಕುವ ಮನುಷ್ಯನೂ ಸಾಲ ತೆಗೆದು ಕೊಳ್ಳಬಹುದಾದವು. ಇದೇ ಇವುಗಳ ಗುಟ್ಟು. ಫೋರ್ಡ್ ಕಂಪನಿಯವರು 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ಜಾಗತಿಕ ಮೇಳದಲ್ಲಿ ಮಸ್ಟಾಂಗ್ ಕಾರನ್ನು ಹೊರತಂದರು. ಬೆಲೆ 2,368 ಡಾಲರಿನಿಂದ ಆರಂಭ. ಮೊದಲ ಒಂದು ವರುಷದಲ್ಲಿಯೇ 4 ಲಕ್ಷಕ್ಕೂ ಹೆಚ್ಚು ಗಾಡಿ ಹೋದವು. ಎದುರಂಗಡಿಯವರು ಸುಮ್ಮನಿರುತ್ತಾರೆಯೇ? ಜನರಲ್ ಮೋಟರ್ಸಿನ ಶೆವ್ರೊಲೆ ವಿಭಾಗದವರು 1966ರಲ್ಲಿ ಕ್ಯಾಮರೋ ತಂದರು. ಕ್ರೈಸ್ಲರ್ ಮನೆತನದ ಡಾಜ್ ವಿಭಾಗದವರು 1969ರಲ್ಲಿ ಚಾಲೆಂಜರ್ ತಂದರು. ಮುಂದೆ 1973ರಲ್ಲಿ ಎಣ್ಣೆಯ ಅಭಾವ ಬಂದಾಗ ಇಂಥ ಕಾರುಗಳಿಗೆ ಕಷ್ಟಕಾಲ ಬಂತು. ಚಾಲೆಂಜರ್ 1974ಕ್ಕೆ ನಿಂತಿತು. ಕ್ಯಾಮರೋ ಹೇಗೋ ನಡೆದು 2002ರಲ್ಲಿ ನಿಂತಿತು. ಚಾಲೆಂಜರ್ 2008ರಲ್ಲಿ, ಕ್ಯಾಮರೋ 2009ರಲ್ಲಿ ಹಳೆಯ ರೂಪವನ್ನೇ ಹೋಲುವ ಹೊಸ ಮೈಯಲ್ಲಿ ಮರಳಿ ಬಂದವು. ಮಸ್ಟಾಂಗ್ ಮಾತ್ರ ಹುಟ್ಟಿದಂದಿನಿಂದ ಒಂದು ವರುಷವೂ ಅಂಗಡಿ ಮುಚ್ಚಿಲ್ಲ.

ಈ ಮೂರೂ ಹೆಸರುಗಳಿಗೆ ಅಲ್ಲಿ ಪಂಗಡಗಳಿವೆ. 2019ರ ಆಗಸ್ಟ್ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅಳಿಯನ ಮನೆಗೆ ಹೋಗಿದ್ದೆವು. ಡೆಟ್ರಾಯಿಟ್ ಪಟ್ಟಣದಿಂದ ಪಾಂಟಿಯಾಕ್ ಎಂಬ ಊರಿಗೆ ಹೋಗುವ ವುಡ್‌ವರ್ಡ್ ಎಂಬ ರಸ್ತೆ ಇದೆ. ಆಗಸ್ಟಿನ ಮೂರನೆಯ ಶನಿವಾರ ಆ ರಸ್ತೆಯ ಮೇಲೆ ಹಳೆಯ ಹೊಸ ಕಾರುಗಳ ಮೆರವಣಿಗೆ. 1995ರಿಂದ ಇದು ನಡೆದುಬಂದಿದೆ. ಜನ ರಸ್ತೆಯ ಬದಿಗೆ ಕುರ್ಚಿ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಬಂದು ಕೂಡುತ್ತಾರೆ. ನಮ್ಮ ಕಡೆಯ ಜಾತ್ರೆಯಲ್ಲಿ ತೇರು ನೋಡಲು ಕೂಡುವ ಹಾಗೆಯೇ. ಫರ್ನ್‌ಡೇಲ್ ಎಂಬಲ್ಲಿ ಮಸ್ಟಾಂಗಿನವರದೇ ಒಂದು ಓಣಿ. ಅಲ್ಲಿ ಎಲ್ಲರ ಅಂಗಿಯ ಮೇಲೂ ಓಡುವ ಕುದುರೆಯ ಚಿತ್ರ. ಮುಂದೆ ಹೋದರೆ ಶೆವ್ರೊಲೆಯವರು, ಮತ್ತೆ ಮುಂದೆ ಡಾಜಿನವರು. ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಾರೆ, ಆದರೆ ಜಗಳ ಕಾಣಲಿಲ್ಲ.

ನಮಗೆ ಮೊದಲು ಇದು ಹುಚ್ಚು ಎನಿಸಿತು. ಆಮೇಲೆ ಅಳಿಯ ಇದರ ಮೂಲ ತಿಳಿಸಿದ. ಆ ಪ್ರದೇಶದಲ್ಲಿ ಕಾರಿನ ಹೆಸರು ಎಂದರೆ ಅನ್ನ. ಅಜ್ಜ ಫೋರ್ಡಿನ ಕಾರ್ಖಾನೆಯಲ್ಲಿ ದುಡಿದ, ಅಪ್ಪ ದುಡಿದ, ಮಗನೂ ದುಡಿಯುತ್ತಾನೆ. ಕಂಪನಿಯ ನೌಕರರಿಗೂ ಅವರ ಹತ್ತಿರದ ಸಂಬಂಧಿಕರಿಗೂ ಬೆಲೆಯಲ್ಲಿ ರಿಯಾಯಿತಿ ಉಂಟು. ಕೆಲವು ಕಾರ್ಖಾನೆಗಳಲ್ಲಿ ಬೇರೆ ಕಂಪನಿಯ ಗಾಡಿ ತಂದವನು ದೂರ ನಿಲ್ಲಿಸಿ ನಡೆದು ಬರಬೇಕಾಗುತ್ತಿತ್ತು. ಹಾಗಿರುವಾಗ ಆ ಮನೆಯವರು ಎದುರಿನವರ ಕಾರು ಕೊಂಡರೆ ಅದು ತಮ್ಮ ಒಲೆಗೆ ತಾವೇ ನೀರು ಹೊಯ್ದಂತೆ. ನಿಷ್ಠೆಯ ಬೇರು ಇರುವುದು ಅಲ್ಲಿ.

ನಮ್ಮ ಅಳಿಯನಿಗೆ ಈ ಬಂಧನ ಇರಲಿಲ್ಲ. ಅವನು ಕೆಲಸ ಮಾಡುವುದು ಬಿಡಿಭಾಗ ತಯಾರಿಸುವ ಕಡೆ. ಮೂರೂ ಕಂಪನಿಗಳು ಅವರ ಗಿರಾಕಿಗಳೇ. ಸಣ್ಣವನಿದ್ದಾಗ ಜತ್ತಿನಲ್ಲಿ ಅಪ್ಪನ ಸ್ಕೂಟರ್ ಬಿಚ್ಚಿ ಜೋಡಿಸುತ್ತಿದ್ದ ಹುಡುಗ. ಅವನಿಗೆ ಕುಡಿತವಿಲ್ಲ, ಜೂಜಿಲ್ಲ. ಇದೊಂದೇ ಹವ್ಯಾಸ. ಇದಕ್ಕೂ ಒಂದು ಕಟ್ಟು ಹಾಕಿಕೊಂಡಿದ್ದಾನೆ: ಇಂಥ ಕಾರು ಮನೆಯಲ್ಲಿ ಒಂದೇ ಇರಬೇಕು, ಹಳೆಯದನ್ನು ಕೊಟ್ಟೇ ಹೊಸದು ತರಬೇಕು, ವೇಗ ನೋಡಬೇಕೆಂದರೆ ಸುತ್ತಲೂ ಬಂದೋಬಸ್ತು ಇರುವ ಪಂದ್ಯದ ಹಾದಿಯಲ್ಲಿ ಮಾತ್ರ. ಇನ್ನೊಂದು ಕಟ್ಟು, ಆಸನ ಚರ್ಮದ್ದಾಗಿರಬಾರದು. ಸ್ಟೀರಿಂಗಿಗೆ ಕಂಪನಿಯವರು ಸುತ್ತಿದ ಚರ್ಮವನ್ನೂ ಪ್ರತಿ ಸಲ ತೆಗೆಸಿ ಬೇರೆ ಹೊದಿಕೆ ಹಾಕಿಸಿಕೊಳ್ಳುತ್ತಾನೆ. ಅರಿವೆಯ ಆಸನ ಅಗ್ಗದ ಮಾದರಿಗಳಲ್ಲಿ ಸಿಗುತ್ತದೆ. ಹೀಗಾಗಿ ಧರ್ಮವೂ ಉಳಿಯಿತು, ದುಡ್ಡೂ ಉಳಿಯಿತು ಎಂದು ನಮ್ಮ ಅಕ್ಕ ನಗುತ್ತಾರೆ.

2015ರಲ್ಲಿ ಅವನು ಮೊದಲು ಕೊಂಡದ್ದು ಮಸ್ಟಾಂಗ್ ಜಿಟಿ. 5 ಲೀಟರಿನ ಎಂಜಿನ್ನು, 435 ಅಶ್ವಶಕ್ತಿ. ನಮ್ಮ ಹಳೆಯ ಮಾರುತಿ 800ರದು 40ಕ್ಕೂ ಕಡಿಮೆ ಎಂಬುದನ್ನು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ಆ ವರ್ಷದ ಮಾದರಿಯಿಂದ ಮಸ್ಟಾಂಗಿನ ಹಿಂದಿನ ಎರಡು ಗಾಲಿಗಳೂ ಬೇರೆಬೇರೆಯಾಗಿ ಏಳುವ, ಇಳಿಯುವ ವ್ಯವಸ್ಥೆ ಎಲ್ಲ ಗಾಡಿಗಳಿಗೂ ಬಂತು. ಅದಕ್ಕೂ ಮುಂಚೆ ಸಾಮಾನ್ಯ ಮಸ್ಟಾಂಗಿಗೆ ಹಿಂದೆ ಒಂದೇ ಗಟ್ಟಿ ಅಚ್ಚು, ಚಕ್ಕಡಿಯ ಹಾಗೆ. ಬಲಗಡೆ ಸ್ಟೀರಿಂಗ್ ಇರುವ ಮಸ್ಟಾಂಗನ್ನು ಕಂಪನಿಯೇ ಮಾಡತೊಡಗಿದ್ದೂ ಇದೇ ಪೀಳಿಗೆಯಿಂದ. ಆದ್ದರಿಂದಲೇ 2016ರಲ್ಲಿ ಅದು 65 ಲಕ್ಷ ರೂಪಾಯಿ ಬೆಲೆಗೆ ನಮ್ಮ ದೇಶಕ್ಕೂ ಬಂತು. ಅಳಿಯ ಆಗ ಕಳಿಸಿದ ಫೋಟೋದಲ್ಲಿ ಅವನ ಟೋಪಿಯ ಮೇಲೂ ಕುದುರೆ, ಅಂಗಿಯ ಮೇಲೂ ಕುದುರೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಕುದುರೆ ಹೋಗಿ ಶೆವ್ರೊಲೆಯ ಚಿಹ್ನೆ ಬಂತು. 2016ರ ಮಾದರಿಯಿಂದ ಕ್ಯಾಮರೋ ಹೊಸ ಚಾಸಿಯ ಮೇಲೆ ಬಂದಿತ್ತು. ತೂಕದಲ್ಲಿ 90 ಕಿಲೋಗೂ ಮಿಕ್ಕಿ ಇಳಿದಿತ್ತು. ಎಂಜಿನ್ನು 6.2 ಲೀಟರಿನದು, 455 ಅಶ್ವಶಕ್ತಿ. ಅಲ್ಲಿಯ ಮೋಟರ್ ಟ್ರೆಂಡ್ ಪತ್ರಿಕೆ ಆ ವರ್ಷದ ಕಾರು ಎಂದು ಅದನ್ನೇ ಆರಿಸಿತು. ಪಂದ್ಯದ ಹಾದಿಯಲ್ಲಿ ಗೆಳೆಯನೊಬ್ಬನ ಕ್ಯಾಮರೋ ಓಡಿಸಿ ನೋಡಿ, ತಿರುವಿನಲ್ಲಿ ಅದು ನೆಲ ಹಿಡಿಯುವ ಬಗೆಗೆ ಇವನು ಮರುಳಾದ. 2017ರಲ್ಲಿ ಮಸ್ಟಾಂಗ್ ಕೊಟ್ಟು ಅದನ್ನು ತಂದ.

ಆ ಕಾರಿನ ಗುಣದಂತೆ ದೋಷವೂ ಎದ್ದುಕಾಣುವಂಥದು. ಕಿಟಕಿಗಳು ಗಿಡ್ಡ, ಛಾವಣಿ ತಗ್ಗು. ಒಳಗೆ ಕುಳಿತರೆ ಹಗೇವಿನೊಳಗಿಂದ ಆಕಾಶ ನೋಡಿದ ಹಾಗೆ ಎಂದು ನಮ್ಮ ಅಕ್ಕ ಅಲ್ಲಿಗೆ ಹೋಗಿಬಂದ ಮೇಲೆ ಹೇಳಿದರು. ಮುಂದೆ ಮಗಳು ಹುಟ್ಟಿದಳು. ಆ ದೇಶದಲ್ಲಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಹೋಗಲು ಕಾನೂನಿಲ್ಲ. ಕೂಸಿಗೆಂದೇ ಒಂದು ಕುರ್ಚಿ ಹಿಂದೆ ಬಿಗಿಯಬೇಕು. ಕ್ಯಾಮರೋದ ಹಿಂದಿನ ಆಸನದಲ್ಲಿ ಅದನ್ನು ಕೂಡಿಸುವುದೆಂದರೆ ಗಡಿಗೆಯಲ್ಲಿ ಕೊಡ ತುರುಕಿದ ಹಾಗೆ.

ಹೀಗಾಗಿ 2019ರಲ್ಲಿ ಡಾಜ್ ಚಾಲೆಂಜರ್ ಬಂತು. ನಾವು ಅಲ್ಲಿಗೆ ಹೋದಾಗ ಕುಳಿತದ್ದು ಇದರಲ್ಲಿಯೇ. 6.4 ಲೀಟರ್, 485 ಅಶ್ವಶಕ್ತಿ. ತೂಕ 1,900 ಕಿಲೋಗೂ ಹೆಚ್ಚು, ಎಂದರೆ ಕ್ಯಾಮರೋಕ್ಕಿಂತ ಎರಡು ಕ್ವಿಂಟಲಿಗೂ ಮೇಲೆ. ತಿರುವಿನಲ್ಲಿ ಅದರ ಹಾಗೆ ಆಡುವುದಿಲ್ಲ. ಆದರೆ ಹಿಂದೆ ಮಗುವಿನ ಕುರ್ಚಿಯೂ ಹಿಡಿಯಿತು, ಪಕ್ಕದಲ್ಲಿ ನಮ್ಮ ಮನೆಯವರೂ ಹಿಡಿಸಿದರು. ಇದೇ ಕಾರಿನಲ್ಲಿ ಹೆಲ್‌ಕ್ಯಾಟ್ ಎಂಬ 707 ಅಶ್ವಶಕ್ತಿಯ ಮಾದರಿ 2015ರಿಂದಲೇ ಇತ್ತು. "ಅದನ್ಯಾಕ ತರಲಿಲ್ಲ?" ಎಂದು ನಾವು ಕೇಳಿದೆವು. "ಮಾಮಾ, ಎಲ್ಲಿಯಾದರೂ ಒಂದ ಕಡೆ ಸಾಕು ಅನಬೇಕಲ್ರಿ" ಎಂದ.

ಇನ್ನೊಂದು ವಿಷಯ ನಮ್ಮಂಥ ವ್ಯಾಪಾರಿಗಳ ಗಮನಕ್ಕೆ. ಹೆಸರಿಗೆ ಅಮೇರಿಕದ್ದಾದ ಆ ಚಾಲೆಂಜರ್ ತಯಾರಾಗುತ್ತಿದ್ದದ್ದು ಕೆನಡಾ ದೇಶದ ಬ್ರ್ಯಾಂಪ್ಟನ್ನಿನಲ್ಲಿ. ಅದರ ಮಾಲೀಕರೋ, 1998ರಲ್ಲಿ ಜರ್ಮನಿಯ ಡೈಮ್ಲರ್, 2007ರಲ್ಲಿ ಒಂದು ಹೂಡಿಕೆಯ ಸಂಸ್ಥೆ, 2009ರಲ್ಲಿ ಕಂಪನಿ ದಿವಾಳಿ ಕೋರ್ಟಿಗೆ ಹೋಗಿ ಇಟಲಿಯ ಫಿಯಾಟಿನವರ ಕೈಗೆ, 2021ರಿಂದ ಸ್ಟೆಲಾಂಟಿಸ್ ಎಂಬ ಕೂಡು ಕಂಪನಿಗೆ. ಅಂಗಡಿಯ ಯಜಮಾನರು ಇಷ್ಟು ಸಲ ಬದಲಾದರೂ ಗಿರಾಕಿ ಮಾತ್ರ ಅಲುಗದೆ ನಿಂತಿರಬೇಕು ಎನ್ನುವುದು ಯಾವ ನ್ಯಾಯ? ಆದರೂ ಗಿರಾಕಿಗಳು ನಿಂತರು. 2021ರಲ್ಲಿ ಅಮೇರಿಕದಲ್ಲಿ ಚಾಲೆಂಜರ್ 54 ಸಾವಿರಕ್ಕೂ ಹೆಚ್ಚು, ಮಸ್ಟಾಂಗ್ 52 ಸಾವಿರಕ್ಕೂ ಹೆಚ್ಚು, ಕ್ಯಾಮರೋ ಸುಮಾರು 22 ಸಾವಿರ ಮಾರಾಟವಾದವು. ಮೂವರಲ್ಲಿ ಹಳೆಯ ಮೈಕಟ್ಟಿನ ಚಾಲೆಂಜರೇ ಮುಂದೆ.

ಇಷ್ಟರಲ್ಲಿ ಜತ್ತಿನಲ್ಲಿ ನಮ್ಮ ಭಾವನವರ ಮುಖ ಗಂಟಿಕ್ಕಿತ್ತು. ಅವರದು ಪಾತ್ರೆ ಅಂಗಡಿ. ಒಮ್ಮೆ ಹಿಡಿದದ್ದನ್ನು ಬಿಡುವ ಸ್ವಭಾವ ಅವರದಲ್ಲ. ಒಂದೇ ಚೇತಕ್ ಸ್ಕೂಟರಿನ ಮೇಲೆ ಇಪ್ಪತ್ತೈದು ವರ್ಷ ಓಡಾಡಿದವರು. "ನಾಕ ವರ್ಷದಾಗ ಮೂರ ಕಂಪನಿ! ಒಂದ ಕಡೆ ನಿಲ್ಲದ ಮನಸ್ಸಿದು. ನಾಳೆ ಅಂಗಡಿ ಹೆಸರ ಇವ ಹ್ಯಾಂಗ ಉಳಸ್ತಾನ?" ಎಂದು ನಮ್ಮ ಮುಂದೆಯೇ ಅಂದರು. ಅವರಿಗೆ ಇವನೊಬ್ಬನೇ ಮಗ. ಮಾತು ಕಾರಿನದಾಗಿದ್ದರೂ ನೋವು ಬೇರೆಯದಾಗಿತ್ತು.

ನಾವು ಅವರಿಗೆ ಹೇಳಿದ್ದು ಇಷ್ಟು: ಭಾವನವರೇ, ನೀವು ಚೇತಕ್ ಬುಕ್ ಮಾಡಿ ಎಷ್ಟು ವರ್ಷ ಕಾದಿರಿ? ಆಗ ಬೇರೆ ಗಾಡಿ ಎಲ್ಲಿತ್ತು? ಅಂದಿನ ನಮ್ಮ ನಿಷ್ಠೆಯಲ್ಲಿ ಅರ್ಧ ನಿಷ್ಠೆ, ಅರ್ಧ ಸರದಿ. ಆಯ್ಕೆ ಇದ್ದೂ ಒಂದನ್ನೇ ಹಿಡಿದವನ ನಿಷ್ಠೆಯೇ ಬೇರೆ. ನಿಮ್ಮ ಮಗ ಕಾರು ಬದಲಿಸಿದ ಕಾರಣಗಳನ್ನು ಒಂದೊಂದಾಗಿ ನೋಡಿರಿ. ಮೊದಲು ಗಾಡಿ ನೆಲ ಹಿಡಿಯಲೆಂದು, ಆಮೇಲೆ ನಿಮ್ಮ ಮೊಮ್ಮಗಳು ಕೂಡಲೆಂದು. ಇದರಲ್ಲಿ ಚಂಚಲತನ ಎಲ್ಲಿದೆ?

ಭಾವನವರು ಆಗ ಉತ್ತರ ಕೊಡಲಿಲ್ಲ. ಕಂಪನಿಗಳೇ ಒಂದು ಉತ್ತರ ಕೊಡುವ ಕಾಲ ಮುಂದೆ ಬಂತು.

2019ರ ನವೆಂಬರಿನಲ್ಲಿ ಫೋರ್ಡಿನವರು ಮಸ್ಟಾಂಗ್ ಮ್ಯಾಕ್-ಇ ಎಂಬ ಗಾಡಿ ತೋರಿಸಿದರು. ನಾಲ್ಕು ಬಾಗಿಲು, ಎತ್ತರದ ಮೈ, ಪೆಟ್ರೋಲ್ ಇಲ್ಲ, ಬ್ಯಾಟರಿಯದು. ಮೂಗಿನ ಮೇಲೆ ಮಾತ್ರ ಅದೇ ಓಡುವ ಕುದುರೆ. ಹಳೆಯ ಮಸ್ಟಾಂಗಿನವರು ಬಹಳ ಸಿಟ್ಟಾದರು. ನಮ್ಮಲ್ಲಿ ನೋಡಿದರೆ ಅದೇ ಹೊತ್ತಿನಲ್ಲಿ, 2019ರ ಅಕ್ಟೋಬರಿನಲ್ಲಿ, ಚೇತಕ್ ಹೆಸರು ಬ್ಯಾಟರಿಯ ಸ್ಕೂಟರಿನ ಮೇಲೆ ಮರಳಿ ಬಂತು. ಭಾವನವರು ಅದನ್ನು ನೋಡಲು ಉತ್ಸಾಹದಿಂದ ಸಾಂಗ್ಲಿಗೆ ಹೋದರು. ಬಂದವರು, "ಗಾಡಿ ಚಲೋ ಐತಿ. ಆದರ ನಮ್ಮ ಚೇತಕ್ ಅಲ್ಲ" ಎಂದರು. ಅಪ್ಪನೂ ಮಗನೂ ಸುಮಾರು ಎಂಟು ಸಾವಿರ ಮೈಲಿಯ ಅಂತರದಲ್ಲಿ ಸಮುದ್ರದ ಆಚೆ ಈಚೆ ಒಂದೇ ವರ್ಷ ಒಂದೇ ಮಾತು ಆಡಿದ್ದು ನಮಗೆ ಮೋಜೆನಿಸಿತು.

ಮುಂದೆ 2023ನೆಯ ಇಸವಿಯ ಡಿಸೆಂಬರ್ ತಿಂಗಳು. ಕೊನೆಯ ಕ್ಯಾಮರೋ ಲ್ಯಾನ್ಸಿಂಗಿನ ಕಾರ್ಖಾನೆಯಿಂದ ಹೊರಬಂತು. ಅದೇ ತಿಂಗಳು ಬ್ರ್ಯಾಂಪ್ಟನ್ನಿನಲ್ಲಿ ಕೊನೆಯ ಚಾಲೆಂಜರ್. ಹೊಗೆಯ ಕಾನೂನುಗಳು ಬಿಗಿಯಾಗುತ್ತ ಬಂದಿದ್ದವು, ಕಂಪನಿಗಳು ಹಣವನ್ನು ಬ್ಯಾಟರಿಯ ಗಾಡಿಗಳ ಕಡೆಗೆ ತಿರುಗಿಸಿದ್ದವು. ಡಾಜಿನವರು ಚಾಲೆಂಜರಿನ ಜಾಗಕ್ಕೆ 2024ರಲ್ಲಿ ಚಾರ್ಜರ್ ಡೇಟೋನಾ ಎಂಬ ಬ್ಯಾಟರಿಯ ಕಾರು ತಂದರು. ಬ್ಯಾಟರಿಯ ಗಾಡಿಗೆ ಸದ್ದಿಲ್ಲವಷ್ಟೆ. ಹಳೆಯ ಗಿರಾಕಿಗಳಿಗೆಂದು ಸದ್ದನ್ನು ಬೇರೆಯಾಗಿ ಹುಟ್ಟಿಸುವ ಯಂತ್ರವನ್ನು ಕೂಡಿಸಿದರು. ಆರು ಸಿಲಿಂಡರಿನ ಪೆಟ್ರೋಲ್ ಚಾರ್ಜರ್ ಅದರ ಹಿಂದಿನಿಂದ ಬಂತು. ಅಳಿಯ ಫೋನಿನಲ್ಲಿ ಹೇಳಿದ: "ಮಾಮಾ, ಅಪ್ಪಾಜಿಗೆ ಹೇಳ್ರಿ. ಈ ಸಲ ನಾ ಕಂಪನಿ ಬಿಟ್ಟಿಲ್ಲ, ಕಂಪನೀನ ನನ್ನ ಬಿಟ್ಟೈತಿ."

ಈ ನಡುವೆ ಅವನ ಮನಸ್ಸು ಕಾರ್ವೆಟ್ ಕಡೆಗೂ ಒಮ್ಮೆ ಹರಿದಿತ್ತು. 1953ರಿಂದ ನಡೆದುಬಂದ ಶೆವ್ರೊಲೆಯ ಆ ಹಿರಿಯ ಕಾರಿಗೆ 2019ರ ಜುಲೈಯಲ್ಲಿ ಹೊಸ ರೂಪ ಕೊಟ್ಟರು. ಎಂಜಿನ್ನು ಮುಂದಿನಿಂದ ತೆಗೆದು ಚಾಲಕನ ಬೆನ್ನ ಹಿಂದೆ ಇಟ್ಟರು. ಆರಂಭದ ಬೆಲೆ 60 ಸಾವಿರ ಡಾಲರಿಗೆ ತುಸು ಒಳಗೆ. ಇಷ್ಟು ಕಡಿಮೆ ಬೆಲೆಗೆ ಇಂಥ ರಚನೆ ಎಂದು ಜನ ಬೆರಗಾದರು. ಆದರೆ ಅದರಲ್ಲಿ ಕೈಯಿಂದ ಹಾಕುವ ಗೇರು ಇರಲಿಲ್ಲ. ಇವನಿಗೆ ಸಿಗುವಂತಿದ್ದ ಗಾಡಿಯಲ್ಲಿ ಆಸನ ಚರ್ಮದ್ದು. ಇಬ್ಬರಿಗೇ ಜಾಗ. ಮೇಲಾಗಿ ವಿತರಕನ ವರ್ತನೆ. 2021, 2022ರಲ್ಲಿ ಎಲೆಕ್ಟ್ರಾನಿಕ್ ಚಿಪ್ಪಿನ ಅಭಾವದಿಂದ ಗಾಡಿಗಳು ಕಡಿಮೆಯಾದವು. ಅಲ್ಲಿ 1958ರಿಂದ ಒಂದು ಕಾನೂನಿದೆ. ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಕಂಪನಿ ಸೂಚಿಸಿದ ಬೆಲೆಯ ಚೀಟಿ ಹಚ್ಚಲೇಬೇಕು. ಆದರೆ ಅದು ಸೂಚಿಸಿದ ಬೆಲೆ ಮಾತ್ರ. ನಮ್ಮಲ್ಲಿ ಪೊಟ್ಟಣದ ಮೇಲೆ ಮುದ್ರಿಸಿದ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ ಅಪರಾಧ. ಅಲ್ಲಿ ವಿತರಕ ತನಗೆ ಬೇಕಾದಷ್ಟು ಏರಿಸಬಹುದು. ಒಬ್ಬ ವಿತರಕ ಚೀಟಿಯ ಪಕ್ಕಕ್ಕೆ ತನ್ನದೇ ಇನ್ನೊಂದು ಚೀಟಿ ಹಚ್ಚಿ 15 ಸಾವಿರ ಡಾಲರ್ ಮೇಲೆ ಕೇಳಿದ. ಅಳಿಯ ಕೈಮುಗಿದು ಬಂದ.

ನಾವು ಇದನ್ನು ಕೇಳಿ ಬಹಳ ಯೋಚಿಸಿದೆವು. ಅಭಾವದ ಕಾಲದಲ್ಲಿ ಬೆಲೆ ಏರಿಸಿದವನಿಗೆ ಆ ದಿನದ ಕಿರ್ದಿಯಲ್ಲಿ ಲಾಭ ಕಾಣುತ್ತದೆ, ನಿಜ. ಆದರೆ ಗಿರಾಕಿಯ ಮನಸ್ಸಿನಲ್ಲಿಯೂ ಒಂದು ಖತಾವಣಿ ಇರುತ್ತದೆ, ಅದು ನಮಗೆ ಕಾಣುವುದಿಲ್ಲ. 2022ರ ಮೊದಲ ತಿಂಗಳುಗಳಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಎರಡೂ ತಮ್ಮ ವಿತರಕರಿಗೆ ಈ ಬಗ್ಗೆ ಎಚ್ಚರಿಕೆ ಕೊಡಬೇಕಾಯಿತು. ಹೆಸರು ಕೆಡುವುದು ತಮ್ಮದು ಎಂಬುದು ಅವರಿಗೂ ತಿಳಿದಿತ್ತು.

ಕೊನೆಗೆ 2024ರಲ್ಲಿ ಅಳಿಯ ಚಾಲೆಂಜರ್ ಕೊಟ್ಟು ಮತ್ತೆ ಮಸ್ಟಾಂಗ್ ಜಿಟಿ ತಂದ. ಮ್ಯಾಕ್-ಇ ಬಂದರೂ ಫೋರ್ಡಿನವರು ಹಳೆಯ ಮಸ್ಟಾಂಗನ್ನು ಕೈಬಿಟ್ಟಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಡೆಟ್ರಾಯಿಟಿನಲ್ಲಿಯೇ ಏಳನೆಯ ಪೀಳಿಗೆಯನ್ನು ಹೊರತಂದಿದ್ದರು. ಅದೇ ಎಂಟು ಸಿಲಿಂಡರ್, 480 ಅಶ್ವಶಕ್ತಿ, ಕೈಯಿಂದ ಹಾಕುವ ಆರು ಗೇರು, ಅರಿವೆಯ ಆಸನ. ಮಗಳು ಈಗ ದೊಡ್ಡವಳಾಗಿದ್ದಾಳೆ, ಹಿಂದಿನ ಇಕ್ಕಟ್ಟಿನ ಆಸನದಲ್ಲಿಯೂ ನಕ್ಕು ಕೂಡುತ್ತಾಳೆ. ಹೊರಟಲ್ಲಿಗೇ ಬಂದನಲ್ಲ ಎಂದು ಯಾರಾದರೂ ಅಂದಾರು. ಅವನು ಅನ್ನುವುದು ಬೇರೆ. "ನನಗ ಬೇಕಾದದ್ದು ಮೊದಲಿಂದನೂ ಒಂದ ಐತ್ರಿ. ಅದನ್ನ ಯಾರ ಇಟ್ಟಿರತಾರ ಅಲ್ಲಿ ಹೋಗೇನಿ." ಅವನ ನಿಷ್ಠೆ ವಸ್ತುವಿನ ಗುಣಕ್ಕೆ. ಚಿಹ್ನೆ ಅದರ ಗುರುತು ಮಾತ್ರ.

ಈ ಮಾತು ನಮ್ಮನ್ನು ನಮ್ಮ ಗಾದಿಗೆ ತಂದು ಕೂಡಿಸಿತು. ನಾವು ಅಂಗಡಿಗೆ ಹೋಗತೊಡಗಿದ ಹೊಸದರಲ್ಲಿ ಹಳ್ಳಿಯ ಗಿರಾಕಿಗಳು ಧೋತರವನ್ನು ಮುಂಬಯಿ ಗಿರಣಿಯ ಹೆಸರಿನಿಂದಲೇ ಕೇಳುತ್ತಿದ್ದರು. ಅಂಚಿನ ಮೇಲಿನ ಠಸೆ ನೋಡಿಯೇ ದುಡ್ಡು ಬಿಚ್ಚುತ್ತಿದ್ದರು. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಅನೇಕ ಗಿರಣಿಗಳು ಆಮೇಲೆ ತಲೆಯೆತ್ತಲೇ ಇಲ್ಲ. ಇದ್ದ ಮಾಲು ತೀರಿತು, ಗಿರಾಕಿ ಮಾತ್ರ ಅದೇ ಹೆಸರು ಕೇಳುತ್ತ ಬರುತ್ತಿದ್ದ. ಆಗ ಪೇಟೆಯಲ್ಲಿ ಮಗ್ಗದ ಅರಿವೆಗೆ ಹಳೆಯ ಗಿರಣಿಯ ಠಸೆ ಹೊಡೆದು ಮಾರಿದವರೂ ಇದ್ದರು. ನಮ್ಮ ತಂದೆಯವರು, "ಆ ಗಿರಣಿ ನಿಂತೈತಿ. ಇದು ಬ್ಯಾರೇದು. ಕೈಯಾಗ ಹಿಡದ ನೋಡ್ರಿ, ಬಂದರ ಒಯ್ಯಿರಿ" ಎಂದು ಹೇಳಿ ಕೊಡುತ್ತಿದ್ದರು. ಕೆಲವರು ಒಯ್ದರು, ಕೆಲವರು ಬೇರೆ ಅಂಗಡಿಗೆ ಹೋದರು. ಠಸೆ ನಂಬಿ ಹೋದವರಲ್ಲಿ ಹಲವರು ಎರಡು ಒಗೆತ ಕಳೆದ ಮೇಲೆ ಮರಳಿ ಬಂದರು.

ಕಳೆದ ಮಾತು ಇರಲಿ, ಈಚಿನದನ್ನು ಹೇಳುತ್ತೇವೆ. 2024ರ ಡಿಸೆಂಬರಿನಲ್ಲಿ ಅಳಿಯ ಊರಿಗೆ ಬಂದಿದ್ದ. ಭಾವನವರಿಗೆ ಮೊಣಕಾಲು ಬೇನೆ, ಅಂಗಡಿಯಲ್ಲಿ ಕೂಡುವುದು ಆಗದಾಗಿತ್ತು. ಹೊರಗಿನ ಊರಿನ ಒಂದು ಪಾರ್ಟಿ ಅಂಗಡಿ ಕೊಳ್ಳಲು ಮುಂದೆ ಬಂದಿತು. ಜಾಗಕ್ಕೆ ಒಂದು ಬೆಲೆ, ಮಾಲಿಗೆ ಒಂದು ಬೆಲೆ, ಹೆಸರಿಗೆ ಮತ್ತೊಂದು ಬೆಲೆ. ಹೆಸರಿನ ಬೆಲೆ ಸಣ್ಣದೇನಲ್ಲ. ಜತ್ತಿನ ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಮದುವೆಗೆ ಪಾತ್ರೆ ಎಂದರೆ ಆ ಫಲಕದ ಕೆಳಗೇ ಬರುವುದು ಅರವತ್ತು ವರ್ಷದ ರೂಢಿ. ದಪ್ಪ ತಗಡು, ಸರಿಯಾದ ತೂಕ. ಹೊಸ ಪಾರ್ಟಿಯವರು ತೆಳುವಾದ ಮಾಲು ತರುವವರು ಎಂಬುದು ಮಾತುಕತೆಯಲ್ಲಿಯೇ ತಿಳಿಯಿತು. ಭಾವನವರಿಗೆ ಇಕ್ಕಟ್ಟು. ಹೆಸರು ಕೊಟ್ಟರೆ ಫಲಕವಾದರೂ ಗೋಡೆಯ ಮೇಲೆ ಉಳಿಯುತ್ತದೆ, ಕೊಡದಿದ್ದರೆ ಅಪ್ಪ ಹಾಕಿದ ಫಲಕ ತಮ್ಮ ಕೈಯಿಂದಲೇ ಇಳಿಯುತ್ತದೆ. ಎರಡು ರಾತ್ರಿ ಅವರು ನಿದ್ರೆ ಮಾಡಲಿಲ್ಲ ಎಂದು ಅಕ್ಕ ಹೇಳಿದರು.

ಮೂರನೆಯ ದಿನ ನಮ್ಮನ್ನೂ ಕರೆಸಿ ಮಗನನ್ನು ಕೇಳಿದರು. ಅವನು ಮೆಲ್ಲಗೆ ಹೇಳಿದ: "ಅಪ್ಪಾಜಿ, ಜಾಗಾ ಕೊಡ್ರಿ, ಮಾಲು ಕೊಡ್ರಿ. ಹೆಸರ ಕೊಡಬ್ಯಾಡ್ರಿ. ಬ್ಯಾಟರಿ ಗಾಡಿ ಮ್ಯಾಲ ಕುದುರಿ ಹಚ್ಚಿದ್ರ ನೋಡಿದಾವಗ ತಿಳೀತದ, ಬೇಕಾದ್ರ ತಗೋತಾನ, ಬ್ಯಾಡಾದ್ರ ಬಿಡ್ತಾನ. ಅದರಾಗ ಮೋಸಿಲ್ಲ. ಆದರ ತಗಡು ತೆಳುವಂತ ಹಳ್ಳ್ಯಾನ ತಾಯಿಗೆ ಹ್ಯಾಂಗ ತಿಳೀಬೇಕು? ಆಕಿ ನಿಮ್ಮ ಹೆಸರ ನೋಡಿ ದುಡ್ಡ ಕೊಡತಾಳ."

ಭಾವನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಕಡೆ ತಿರುಗಿ, "ಹೆಸರ ಇವ ಹ್ಯಾಂಗ ಉಳಸ್ತಾನ ಅಂದಿದ್ನಲ್ಲ, ಹಿಂಗ ಉಳಸ್ತಾನ ನೋಡು" ಎಂದರು. ಹೆಸರಿನ ಹಣ ಬಿಟ್ಟು ಉಳಿದ ವ್ಯವಹಾರ ಮುಗಿಯಿತು. ಫಲಕ ಇಳಿಸುವ ದಿನ ಅವರೇ ಕೆಳಗೆ ನಿಂತು ಹಿಡಿದುಕೊಂಡರು. ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಮನೆಯ ಅಟ್ಟದ ಮೇಲೆ ಇಟ್ಟಿದ್ದಾರೆ.

ವ್ಯಾಪಾರಸ್ಥ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಹಳೆಯ ಗಿರಾಕಿ ಎದುರಂಗಡಿಗೆ ಹೋದಾಗ ಅವನನ್ನು ಬೈಯುವುದು ಸುಲಭ. ಅದಕ್ಕೂ ಮೊದಲು ನಮ್ಮ ಖಾತೆ ಬಿಚ್ಚಿ ನೋಡಬೇಕು. ಅವನು ನಮ್ಮಲ್ಲಿ ಮೆಚ್ಚಿದ್ದ ಮಾಲು ಈಗಲೂ ನಮ್ಮಲ್ಲಿ ಇದೆಯೇ? ಅಭಾವದ ದಿನ ಅವನಿಗೆ ಯಾವ ಬೆಲೆ ಹೇಳಿದೆವು? ಅವನ ಮನೆಯಲ್ಲಿ ಕೂಸು ಹುಟ್ಟಿದೆ, ಬೇಡಿಕೆ ಬದಲಾಗಿದೆ ಎಂಬುದನ್ನು ವಿಚಾರಿಸಿದೆವೇ? ಇವೆಲ್ಲ ಸರಿಯಾಗಿದ್ದೂ ಅವನು ಹೋದರೆ ಹೋಗಲಿ, ಸಿಟ್ಟು ಬೇಡ. ನಮ್ಮ ಅಳಿಯ ಏಳು ವರ್ಷದ ಮೇಲೆ ಮತ್ತೆ ಅದೇ ಬಾಗಿಲಿಗೆ ಬಂದ. ಅವನು ಬಂದಾಗ ಒಳಗೆ ಅವನಿಗೆ ಬೇಕಾದ ವಸ್ತು ಇತ್ತು. ನಮ್ಮ ಗಿರಾಕಿ ಮರಳಿ ಬಂದ ದಿನ ನಮ್ಮ ಅಂಗಡಿಯಲ್ಲಿಯೂ ಅದು ಇರಬೇಕು. ಅಷ್ಟನ್ನು ನೋಡಿಕೊಂಡರೆ ಸಾಕು.